ನಾಡಿಲ್ಲದ ಆಟಗಾರ ವಿಕ್ಟರ್ ಸ್ಟಾರ್ಫಿನ್

ಕ್ರಿಕೆಟ್ ಎಂದರೆ ಊಟ ತಿಂಡಿ ಮರೆತು ಮೈದಾನಕ್ಕೆ ಓಡುವ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಜಪಾನ್ ದೇಶದ ಮಕ್ಕಳಿಗೆ ಬೇಸ್‌ಬಾಲ್ ಆಟದ ಮೇಲೆ ಅಂಥದೇ ಮೋಹ. 1872ರಲ್ಲಿ ಟೋಕಿಯೋ ನಗರದಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ವಿಲ್ಸನ್ ಎಂಬ ಅಮೆರಿಕದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿಕೊಟ್ಟ ಈ ಆಟ ಶಾಲೆಯಿಂದ ಶಾಲೆಗೆ ಹಬ್ಬಿ, ಇಂದು ಆ ದೇಶದ ಮನೆಮನೆಯ ಆಟವಾಗಿದೆ. ಅಲ್ಲಿಯ ವೃತ್ತಿಪರ ಬೇಸ್‌ಬಾಲ್ ಚರಿತ್ರೆಯಲ್ಲಿ ಮುನ್ನೂರು ಪಂದ್ಯಗಳನ್ನು ಗೆದ್ದ ಮೊತ್ತಮೊದಲ ಎಸೆತಗಾರ ಯಾರು ಎಂದು ಕೇಳಿದರೆ, ಉತ್ತರವಾಗಿ ಬರುವ ಹೆಸರು ಜಪಾನೀ ಹೆಸರಲ್ಲ. ರಷ್ಯದಲ್ಲಿ ಹುಟ್ಟಿ, ಜಪಾನಿನಲ್ಲಿ ಬೆಳೆದು, ಅಲ್ಲಿಯೇ ಮಣ್ಣಾಗಿ, ಸಾಯುವವರೆಗೂ ಯಾವ ದೇಶದ ಪ್ರಜೆಯೂ ಆಗದೆ ಉಳಿದ ವಿಕ್ಟರ್ ಸ್ಟಾರ್ಫಿನ್ ಎಂಬವನ ಹೆಸರು ಅದು. ಅವನ ಬಾಳಿನ ಕತೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಆಟದ ಬಗ್ಗೆ ಎರಡು ಮಾತು

ಈ ಆಟವನ್ನು ನಮ್ಮಲ್ಲಿ ಹೆಚ್ಚಿನವರು ಆಡಿದವರಲ್ಲ. ಆದುದರಿಂದ ಮೊದಲು ಅದರ ಸ್ಥೂಲ ಪರಿಚಯ ಅಗತ್ಯ. ಒಂದು ತಂಡಕ್ಕೆ ಒಂಬತ್ತು ಮಂದಿ. ಒಂದು ಪಂದ್ಯಕ್ಕೆ ಒಂಬತ್ತು ಸರದಿಗಳು. ಕ್ರಿಕೆಟಿನಲ್ಲಿ ಬೌಲರನಿಗೆ ಇರುವ ಸ್ಥಾನ ಇಲ್ಲಿ ಪಿಚರ್ ಎಂಬವನಿಗೆ. ಮೈದಾನದ ನಡುವಿನ ಸಣ್ಣ ದಿಬ್ಬದ ಮೇಲೆ ನಿಂತು, ಹದಿನೆಂಟು ಮೀಟರಿಗಿಂತ ತುಸು ಹೆಚ್ಚು ದೂರದಲ್ಲಿರುವ ದಾಂಡಿಗನ ಕಡೆಗೆ, ನೆಲಕ್ಕೆ ತಾಗಿಸದೆ ಚೆಂಡನ್ನು ಎಸೆಯುವುದು ಅವನ ಕೆಲಸ. ಕೈಯನ್ನು ಮಡಚಿ ಬೀಸಿ ಎಸೆಯುವುದಕ್ಕೆ ಇಲ್ಲಿ ಅಡ್ಡಿಯಿಲ್ಲ. ಓವರು ಮುಗಿಯಿತೆಂದು ಬದಲಿ ಎಸೆತಗಾರ ಬರುವ ಪದ್ಧತಿಯೂ ಇಲ್ಲ. ವಿಕ್ಟರನ ಕಾಲದಲ್ಲಿ ಒಳ್ಳೆಯ ಪಿಚರ್ ಹೆಚ್ಚಾಗಿ ಒಂಬತ್ತು ಸರದಿಗಳನ್ನೂ ತಾನೇ ಎಸೆದು ಮುಗಿಸುತ್ತಿದ್ದ. ನೂರಕ್ಕೂ ಮಿಕ್ಕಿದ ಎಸೆತಗಳು, ಪ್ರತಿಯೊಂದರಲ್ಲೂ ಮೈಯ ಶಕ್ತಿಯನ್ನೆಲ್ಲ ಹಾಕಬೇಕು. ತಂಡ ಗೆದ್ದರೆ ಆ ಗೆಲುವನ್ನು ಒಬ್ಬ ಪಿಚರನ ಹೆಸರಿನಲ್ಲಿ ಬರೆಯುತ್ತಾರೆ, ಸೋತರೆ ಸೋಲನ್ನೂ ಹಾಗೆಯೇ. ಎದುರಾಳಿಗಳಿಗೆ ಒಂದು ಓಟವನ್ನೂ ಕೊಡದೆ ಇಡೀ ಪಂದ್ಯವನ್ನು ಒಬ್ಬನೇ ಎಸೆದು ಮುಗಿಸಿದರೆ ಅದು ಬಹು ದೊಡ್ಡ ಸಾಧನೆ. ಇಷ್ಟು ತಿಳಿದರೆ ಮುಂದಿನ ಕತೆಗೆ ಸಾಕು.

ಹುಟ್ಟು ಮತ್ತು ವಲಸೆ

ವಿಕ್ಟರ್ ಹುಟ್ಟಿದ್ದು 1916ನೆಯ ಇಸವಿ ಮೇ 1ರಂದು, ರಷ್ಯದ ಉರಲ್ ಪರ್ವತಗಳ ಬಳಿಯ ನಿಜ್ನಿ ತಗೀಲ್ ಎಂಬ ಪಟ್ಟಣದಲ್ಲಿ. ತಂದೆಯ ಹೆಸರು ಕಾನ್‌ಸ್ಟಾಂಟಿನ್. ಮಗುವಿಗೆ ಎರಡು ವರ್ಷ ತುಂಬುವುದಕ್ಕೆ ಮೊದಲೇ, 1917ರಲ್ಲಿ, ರಷ್ಯದಲ್ಲಿ ಮಹಾಕ್ರಾಂತಿಯಾಯಿತು. ಚಕ್ರವರ್ತಿಯ ಆಳ್ವಿಕೆ ಬಿದ್ದುಹೋಯಿತು. ಹಳೆಯ ಅರಸೊತ್ತಿಗೆಯ ಪಕ್ಷದವರೆನಿಸಿದ ಕುಟುಂಬಗಳಿಗೆ ಜೀವ ಉಳಿಸಿಕೊಳ್ಳುವುದೇ ಕಷ್ಟವಾಯಿತು. ವಿಕ್ಟರನ ತಂದೆತಾಯಿಗಳೂ ಮನೆಮಠ ಬಿಟ್ಟು ಪೂರ್ವ ದಿಕ್ಕಿಗೆ ಓಡಿದರು. ಸಾವಿರಾರು ಮೈಲಿ ಉದ್ದದ ಸೈಬೀರಿಯದ ಹಿಮಭೂಮಿಯನ್ನು ದಾಟಿ, ಮಂಚೂರಿಯದ ಹಾರ್ಬಿನ್ ನಗರವನ್ನು ಸೇರಿದರು. ಅಲ್ಲಿಂದ 1925ರ ಸುಮಾರಿಗೆ ಜಪಾನಿಗೆ ಬಂದರು.

ಜಪಾನಿನ ಉತ್ತರ ತುದಿಯಲ್ಲಿ ಹೊಕ್ಕೈಡೊ ಎಂಬ ದೊಡ್ಡ ದ್ವೀಪವಿದೆ. ಅದರ ಒಳನಾಡಿನಲ್ಲಿರುವ ಅಸಾಹಿಕಾವಾ ಊರಿನಲ್ಲಿ ಈ ಮೂವರ ಸಂಸಾರ ನೆಲೆಯೂರಿತು. ಚಳಿಗಾಲದಲ್ಲಿ ಆಳೆತ್ತರ ಹಿಮ ಬೀಳುವ ಊರು ಅದು. ಬಿಟ್ಟುಬಂದ ದೇಶದಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಬಂದು ಸೇರಿದ ದೇಶದಲ್ಲಿ ಅವರು ಪ್ರಜೆಗಳಾಗಿರಲಿಲ್ಲ. ಯಾವ ಸರ್ಕಾರವೂ ಇವರು ನಮ್ಮವರು ಎಂದು ಬರೆದುಕೊಡದ ಸ್ಥಿತಿ. ಒಂಬತ್ತು ವರ್ಷದ ಹುಡುಗನಿಗೆ ಇದರ ಅರ್ಥ ಎಷ್ಟು ಗೊತ್ತಿತ್ತೋ! ಅವನ ಕಣ್ಣ ಮುಂದೆ ಇದ್ದುದು ಹೊಸ ಶಾಲೆ, ಹೊಸ ಭಾಷೆ, ತನ್ನಂಥ ಕೂದಲಾಗಲಿ ಕಣ್ಣಾಗಲಿ ಯಾರಿಗೂ ಇಲ್ಲದ ಹೊಸ ತರಗತಿ.

ಮನೆಯಲ್ಲಿ ರಷ್ಯನ್, ಶಾಲೆಯಲ್ಲಿ ಜಪಾನಿ. ಮಕ್ಕಳ ನಾಲಗೆ ಬೇಗ ತಿರುಗುತ್ತದೆ ಎಂಬುದು ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ವಿದ್ಯಾರ್ಥಿಗಳಿಗೆ ಹೊಸತೇನಲ್ಲ. ವಿಕ್ಟರ್ ಕೆಲವೇ ಕಾಲದಲ್ಲಿ ಊರಿನ ಹುಡುಗರ ಹಾಗೆಯೇ ಜಪಾನಿ ಮಾತಾಡತೊಡಗಿದ. ಅವನ ಮನೆತನದ ಹೆಸರು ರಷ್ಯನ್ ಭಾಷೆಯಲ್ಲಿ ಸ್ತಾರೂಖಿನ್. ಜಪಾನೀಯರ ಬಾಯಲ್ಲಿ ಅದು ಸುತಾರುಹಿನ್ ಆಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಸ್ಟಾರ್ಫಿನ್ ಎಂದಾಯಿತು. ಈ ಹೆಸರಿಗೆ ಮುಂದೆ ಇನ್ನೂ ದೊಡ್ಡ ಗಂಡಾಂತರ ಕಾದಿತ್ತು. ಅದನ್ನು ಆಮೇಲೆ ಹೇಳುತ್ತೇವೆ.

ಶಾಲೆಯ ಮೈದಾನದಲ್ಲಿ

ಹುಡುಗ ಬೆಳೆದಂತೆ ಆರಡಿ ದಾಟಿದ. ಪೂರ್ಣ ವಯಸ್ಸಿಗೆ ಬಂದಾಗ ಅವನ ಎತ್ತರ 191 ಸೆಂಟಿಮೀಟರ್. ಆ ಕಾಲದ ಜಪಾನಿನಲ್ಲಿ ಅಂಥ ಆಳು ಬೀದಿಯಲ್ಲಿ ನಡೆದರೆ ಜನ ನಿಂತು ನೋಡುತ್ತಿದ್ದರು. ಅಷ್ಟು ಎತ್ತರದಿಂದ ಬೀಸಿ ಎಸೆದ ಚೆಂಡು ಮೇಲಿನಿಂದ ಇಳಿದುಬರುವಾಗ ದಾಂಡಿಗರಿಗೆ ಕಣ್ಣು ಹಿಡಿಯುವುದೇ ಕಷ್ಟವಾಗುತ್ತಿತ್ತು. ಅಸಾಹಿಕಾವಾ ಮಾಧ್ಯಮಿಕ ಶಾಲೆಯ ತಂಡ ಅವನಿಂದಾಗಿ ಹೊಕ್ಕೈಡೊ ದ್ವೀಪದಲ್ಲೆಲ್ಲ ಹೆಸರಾಯಿತು.

ಜಪಾನಿನಲ್ಲಿ ಶಾಲಾ ತಂಡಗಳ ರಾಷ್ಟ್ರೀಯ ಪಂದ್ಯಾವಳಿ 1915ರಲ್ಲಿ ಆರಂಭವಾಯಿತು. 1924ರಿಂದ ಅದು ಒಸಾಕಾ ನಗರದ ಬಳಿಯ ಕೊಷಿಯೆನ್ ಕ್ರೀಡಾಂಗಣದಲ್ಲಿ ನಡೆಯುತ್ತ ಬಂದಿದೆ. ಆ ಮೈದಾನದ ಮಣ್ಣನ್ನು ಒಮ್ಮೆಯಾದರೂ ತುಳಿಯಬೇಕೆಂಬುದು ಅಲ್ಲಿಯ ಪ್ರತಿಯೊಬ್ಬ ಆಟಗಾರ ಹುಡುಗನ ಕನಸು. ವಿಕ್ಟರನ ತಂಡ ಆ ಬಾಗಿಲ ತನಕ ಹೋಯಿತು, ಒಳಗೆ ಹೋಗಲಿಲ್ಲ. ಹೊಕ್ಕೈಡೊ ದ್ವೀಪದ ಅಂತಿಮ ಪಂದ್ಯದಲ್ಲಿ ಸೋಲಾಯಿತು. ಹೀಗಿದ್ದರೂ ವಿಶ್ವವಿದ್ಯಾಲಯಕ್ಕೆ ಸೇರಿ ಅಲ್ಲಿ ಆಟ ಮುಂದುವರಿಸಬೇಕೆಂಬ ಆಸೆ ಅವನಲ್ಲಿತ್ತು.

ಇದೇ ಕಾಲದಲ್ಲಿ ಮನೆಯ ಮೇಲೆ ಸಿಡಿಲೆರಗಿತು. ಊರಿನಲ್ಲಿ ಚಹದಂಗಡಿ ನಡೆಸುತ್ತಿದ್ದ ತಂದೆ, ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹೆಂಗಸನ್ನು ಕೊಂದ ಅಪರಾಧಕ್ಕಾಗಿ ಸೆರೆಮನೆ ಸೇರಿದ. ಪರದೇಶದಲ್ಲಿ ತಾಯಿ ಮತ್ತು ಮಗ ಇಬ್ಬರೇ ಉಳಿದರು. ದುಡಿಮೆಯಿಲ್ಲ, ನೆಂಟರಿಲ್ಲ, ಸರ್ಕಾರದ ರಕ್ಷಣೆಯಿಲ್ಲ. ಇದರ ಜೊತೆಗೆ ಅಪರಾಧಿಯ ಮಗ ಎಂಬ ಹೆಸರು ಬೇರೆ.

ರಾತ್ರೋರಾತ್ರಿ ಪಯಣ

1934ರಲ್ಲಿ ಯೊಮಿಯುರಿ ಎಂಬ ಪ್ರಸಿದ್ಧ ದಿನಪತ್ರಿಕೆಯ ಒಡೆಯ ಮತ್ಸುತಾರೊ ಷೊರಿಕಿ ಎಂಬವರು ಅಮೆರಿಕದ ಮಹಾ ಆಟಗಾರರ ತಂಡವನ್ನು ಜಪಾನಿಗೆ ಕರೆಸಿದರು. ಬೇಬ್ ರೂತ್, ಲೂ ಗೆರಿಗ್, ಜಿಮ್ಮಿ ಫಾಕ್ಸ್ ಮುಂತಾದ ಜಗತ್ಪ್ರಸಿದ್ಧರು ಅದರಲ್ಲಿದ್ದರು. ಅವರೆದುರು ಆಡಲು ಜಪಾನಿನದೇ ಒಂದು ತಂಡ ಬೇಕಾಯಿತು. ಶಾಲೆಯಲ್ಲಿ ಕಲಿಯುವವರು ವೃತ್ತಿಪರರೊಡನೆ ಆಡಕೂಡದೆಂದು ಸರ್ಕಾರದ ನಿಯಮ ಅದಾಗಲೇ ಜಾರಿಯಲ್ಲಿತ್ತು. ಹಾಗಾಗಿ ಈ ತಂಡಕ್ಕೆ ಸೇರುವ ಹುಡುಗ ಶಾಲೆಯನ್ನೇ ಬಿಡಬೇಕಾಗಿತ್ತು.

ಹದಿನೆಂಟು ವರ್ಷದ ವಿಕ್ಟರನಿಗೆ ಕರೆ ಬಂತು. ಅವನಿಗೆ ಹೋಗಲು ಮನಸ್ಸಿರಲಿಲ್ಲ. ಶಾಲೆಯ ಗೆಳೆಯರಿಗೂ ಊರಿನವರಿಗೂ ಅವನನ್ನು ಕಳುಹಿಸಲು ಮನಸ್ಸಿರಲಿಲ್ಲ. ಆದರೆ ಕರೆಯಲು ಬಂದವರ ಕೈಯಲ್ಲಿ ಒಂದು ಅಸ್ತ್ರವಿತ್ತು. ಈ ಕುಟುಂಬಕ್ಕೆ ಜಪಾನಿನಲ್ಲಿ ಇರಲು ಗಟ್ಟಿಯಾದ ಕಾಗದಪತ್ರಗಳಿಲ್ಲ, ಒಪ್ಪದಿದ್ದರೆ ಗಡೀಪಾರು ಮಾಡಿಸಬಹುದು, ಒಪ್ಪಿದರೆ ಸೆರೆಯಲ್ಲಿರುವ ತಂದೆಗೆ ದಯೆ ದೊರಕಬಹುದು ಎಂಬ ಬೆದರಿಕೆಯನ್ನೂ ಆಸೆಯನ್ನೂ ಒಟ್ಟಿಗೇ ಅವನ ಮುಂದಿಟ್ಟರೆಂದು ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಗಡೀಪಾರಾಗಿ ರಷ್ಯಕ್ಕೆ ಮರಳಿದರೆ ಅಲ್ಲಿ ಏನು ಕಾದಿದೆಯೆಂಬುದು ತಾಯಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗ ಒಪ್ಪಿದ. ಶಾಲೆಗೂ ಗೆಳೆಯರಿಗೂ ವಿದಾಯ ಹೇಳುವುದಕ್ಕೂ ಅವಕಾಶವಿಲ್ಲದೆ, ಊರಿಗೆ ಸುದ್ದಿ ತಿಳಿಯುವ ಮೊದಲೇ ಅಸಾಹಿಕಾವಾ ಬಿಟ್ಟು ಹೊರಟ.

ಆ ವರ್ಷ ಅಮೆರಿಕದ ತಂಡದೆದುರು ಜಪಾನ್ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆದರೂ ನವೆಂಬರ್ 20ರಂದು ಷಿಜುವೊಕಾ ಎಂಬಲ್ಲಿ ಎಯ್‌ಜಿ ಸವಾಮುರಾ ಎಂಬ ಹದಿನೇಳರ ಹುಡುಗ, ರೂತ್ ಗೆರಿಗ್ ಮೊದಲಾದವರನ್ನು ಒಬ್ಬರ ಹಿಂದೊಬ್ಬರಂತೆ ಚೆಂಡು ಮುಟ್ಟಲು ಬಿಡದೆ ಕಳುಹಿಸಿ, ಕೊನೆಗೆ ಗೆರಿಗ್ ಹೊಡೆದ ಒಂದೇ ಒಂದು ಓಟಕ್ಕೆ ಸೋತ. ಸೋತರೂ ದೇಶದ ಕಣ್ಮಣಿಯಾದ. ವಿಕ್ಟರ್ ಆ ಸರಣಿಯ ಕೊನೆಯ ಭಾಗದಲ್ಲಿ ಸ್ವಲ್ಪ ಹೊತ್ತು ಮಾತ್ರ ಎಸೆದ. ಸವಾಮುರಾ ಮತ್ತು ಸ್ಟಾರ್ಫಿನ್, ಈ ಇಬ್ಬರು ಹುಡುಗರ ದಾರಿ ಅಲ್ಲಿಂದ ಮುಂದೆ ಒಂದೇ ಆಯಿತು.

ನಲವತ್ತೆರಡು ಗೆಲುವು

ಆ ತಂಡವೇ ಮುಂದೆ ಟೋಕಿಯೋ ಜಯಂಟ್ಸ್ ಎಂಬ ವೃತ್ತಿಪರ ತಂಡವಾಯಿತು. 1936ರಲ್ಲಿ ಜಪಾನಿನ ವೃತ್ತಿಪರ ಪಂದ್ಯಾವಳಿ ಆರಂಭವಾದಾಗ ವಿಕ್ಟರ್ ಪ್ರಖ್ಯಾತನಾಗಿರಲಿಲ್ಲ. ಚೆಂಡಿನಲ್ಲಿ ವೇಗವಿತ್ತು, ಆದರೆ ಹಿಡಿತವಿರಲಿಲ್ಲ. ಆ ವರ್ಷ ಅವನ ಹೆಸರಿಗೆ ಬಂದದ್ದು ಒಂದೇ ಗೆಲುವು. ತಂಡದ ತರಬೇತುದಾರರಾದ ಸದಯೊಷಿ ಫುಜಿಮೊತೊ ಎಂಬವರು ಶಿಸ್ತಿಗೆ ಹೆಸರಾದವರು. ಅವರ ಕೈಕೆಳಗೆ ಅವನು ಪಳಗಿದ. ಬಾಳಿನಲ್ಲಿ ಆತ ಕೊನೆಯವರೆಗೂ ಗುರುವೆಂದು ನಂಬಿದ್ದು ಅವರನ್ನೇ.

1937ರಲ್ಲಿ ಗೆಲುವು 28ಕ್ಕೆ ಏರಿತು. ಆ ವರ್ಷ ಜುಲೈ 3ರಂದು ಈಗಲ್ಸ್ ಎಂಬ ತಂಡದ ಎದುರು, ಒಬ್ಬ ದಾಂಡಿಗನಿಗೂ ಒಂದೇ ಒಂದು ಸರಿಯಾದ ಹೊಡೆತಕ್ಕೆ ಅವಕಾಶ ಕೊಡದೆ ಪಂದ್ಯ ಮುಗಿಸಿದ. 1938ರಲ್ಲಿ 33 ಗೆಲುವು. 1939ರಲ್ಲಿ ಅವನು ಮಾಡಿದ್ದು ಇಂದಿಗೂ ಜನ ಬೆರಳು ಮಡಚಿ ಎಣಿಸುವ ಸಾಧನೆ. ಆ ವರ್ಷ ತಂಡ ಆಡಿದ ಪಂದ್ಯಗಳು 96. ಅವುಗಳಲ್ಲಿ 68ರಲ್ಲಿ ವಿಕ್ಟರ್ ಎಸೆದ. ತಂಡ ಗೆದ್ದದ್ದು 66. ಅದರಲ್ಲಿ 42 ಗೆಲುವುಗಳು ಅವನೊಬ್ಬನ ಹೆಸರಿನಲ್ಲಿ. ಅದೇ ವರ್ಷ ಅವನು ಜಪಾನಿನಲ್ಲಿ ನೂರು ಪಂದ್ಯ ಗೆದ್ದ ಮೊದಲ ಪಿಚರ್ ಎನಿಸಿದ. ಮರುವರ್ಷ, 1940ರಲ್ಲಿ, 38 ಗೆಲುವು. ಆ ವರ್ಷ ಒಂಬತ್ತು ಸರದಿಗಳಿಗೆ ಸರಾಸರಿ ಒಂದು ಓಟವನ್ನೂ ಅವನು ಬಿಟ್ಟುಕೊಡಲಿಲ್ಲ. 1939 ಮತ್ತು 1940, ಎರಡೂ ವರ್ಷ ಅತ್ಯುತ್ತಮ ಆಟಗಾರನೆಂಬ ಗೌರವ ಅವನಿಗೇ ಸಂದಿತು. 1939ರಿಂದ 1943ರವರೆಗೆ ಪ್ರತಿ ವರ್ಷವೂ ಜಯಂಟ್ಸ್ ತಂಡವೇ ಪ್ರಥಮ ಸ್ಥಾನ ಪಡೆಯಿತು.

ಈ ನಲವತ್ತೆರಡರ ಲೆಕ್ಕಕ್ಕೂ ಒಂದು ಕತೆಯಿದೆ. ಒಂದೇ ಪಂದ್ಯದಲ್ಲಿ ಇಬ್ಬರು ಮೂವರು ಪಿಚರುಗಳು ಎಸೆದಾಗ ಗೆಲುವನ್ನು ಯಾರ ಹೆಸರಿಗೆ ಬರೆಯಬೇಕೆಂಬುದನ್ನು ಆಗ ಲೆಕ್ಕ ಬರೆಯುವವರೇ ತೀರ್ಮಾನಿಸುತ್ತಿದ್ದರು. ಯುದ್ಧಾನಂತರ ಹಳೆಯ ಕಡತಗಳನ್ನು ಪರಿಶೀಲಿಸಿದವರು ಹೊಸ ನಿಯಮದ ಪ್ರಕಾರ ಎರಡು ಗೆಲುವುಗಳನ್ನು ತೆಗೆದು ನಲವತ್ತು ಎಂದು ತಿದ್ದಿದರು. 1961ರಲ್ಲಿ ಕಜುಹಿಸಾ ಇನಾವೊ ಎಂಬ ಮತ್ತೊಬ್ಬ ಮಹಾ ಪಿಚರ್ 42 ಪಂದ್ಯ ಗೆದ್ದಾಗ ಈ ಪ್ರಶ್ನೆ ಮತ್ತೆ ಮೇಲೆ ಬಂತು. ಆಯಾ ಕಾಲದಲ್ಲಿ ಬರೆದ ಲೆಕ್ಕವೇ ಸರಿ ಎಂದು 1962ರಲ್ಲಿ ತೀರ್ಮಾನವಾಗಿ, ವಿಕ್ಟರನ ಎರಡು ಗೆಲುವುಗಳು ಅವನಿಗೆ ಮರಳಿದವು. ಆ ಹೊತ್ತಿಗೆ ಅವನು ತೀರಿಹೋಗಿ ಐದು ವರ್ಷಗಳಾಗಿದ್ದವು.

ಹೆಸರು ಹೋಯಿತು

ಸಾಧನೆಯ ಶಿಖರದಲ್ಲಿದ್ದ 1940ನೆಯ ವರ್ಷದಲ್ಲೇ ಅವನ ಹೆಸರಿಗೆ ಸಂಚಕಾರ ಬಂತು. ಜಪಾನ್ ಆಗ ಚೀನದ ಮೇಲೆ ಯುದ್ಧ ಹೂಡಿತ್ತು. ಪಾಶ್ಚಾತ್ಯ ದೇಶಗಳ ಮೇಲಿನ ಸಿಟ್ಟು ದಿನದಿನಕ್ಕೆ ಏರುತ್ತಿತ್ತು. ಪರದೇಶದ ಶಬ್ದಗಳೆಲ್ಲ ಶತ್ರುವಿನ ಶಬ್ದಗಳೆನಿಸಿದವು. ತಂಡಗಳ ಇಂಗ್ಲಿಷ್ ಹೆಸರುಗಳನ್ನು ತೆಗೆದುಹಾಕಿದರು. ಜಯಂಟ್ಸ್ ತಂಡ ಅದೇ ಅರ್ಥದ ಜಪಾನಿ ಹೆಸರು ತಾಳಿತು. ಮುಂದೆ 1943ರ ಹೊತ್ತಿಗೆ ಮೈದಾನದಲ್ಲಿ ಅಂಪೈರು ಕೂಗುವ ಸ್ಟ್ರೈಕ್, ಬಾಲ್, ಔಟ್ ಎಂಬ ಮಾತುಗಳಿಗೂ ಜಪಾನಿ ಶಬ್ದಗಳು ಬಂದವು. ಅಮೆರಿಕದ ಆಟವನ್ನು ಬಿಡಲಾರರು, ಅದರ ಮಾತನ್ನು ಸಹಿಸಲಾರರು ಎಂಬಂತಾಯಿತು.

ಶಬ್ದಗಳಿಗೆ ಆದದ್ದು ಮನುಷ್ಯನಿಗೂ ಆಯಿತು. ವಿಕ್ಟರ್ ಸ್ಟಾರ್ಫಿನ್ ಎಂಬ ಹೆಸರಿನಲ್ಲಿ ಆಡುವಂತಿಲ್ಲವೆಂದಾಯಿತು. ಅವನಿಗೆ ಸುದಾ ಹಿರೊಷಿ ಎಂಬ ಜಪಾನಿ ಹೆಸರನ್ನು ಇಟ್ಟರು. ಅಂಕಪಟ್ಟಿಯಲ್ಲಿ, ಪತ್ರಿಕೆಗಳಲ್ಲಿ ಅಂದಿನಿಂದ ಅದೇ ಹೆಸರು. ನೂರಾರು ಗೆಲುವುಗಳಿಂದ ಅವನು ಸಂಪಾದಿಸಿದ್ದ ಹೆಸರು ಒಂದು ಆಜ್ಞೆಯಿಂದ ಮರೆಯಾಯಿತು. ಹೆಸರು ಬದಲಾಯಿತೇ ಹೊರತು ಪೌರತ್ವ ಸಿಗಲಿಲ್ಲ. ಜಪಾನಿನ ಪ್ರಜೆಯಾಗಲು ಅವನು ಸಲ್ಲಿಸಿದ ಅರ್ಜಿ ಒಪ್ಪಿಗೆಯಾಗಲೇ ಇಲ್ಲ. ಪ್ರಜೆಯಾಗಲು ಯೋಗ್ಯನಲ್ಲದವನು ಜಪಾನಿ ಹೆಸರನ್ನು ಮಾತ್ರ ಹೊರಬೇಕಾಯಿತು. ಇದು ನಮಗೆ ಅವನ ಬಾಳಿನಲ್ಲಿ ಬಹಳ ನೋವಿನ ಸಂಗತಿಯಾಗಿ ತೋರುತ್ತದೆ.

ಆದರೂ ಚೆಂಡೆಸೆಯುವುದನ್ನು ಅವನು ಬಿಡಲಿಲ್ಲ. 1941ರಲ್ಲಿ ಎದೆಯ ಕಾಯಿಲೆಯಿಂದ ನರಳಿದರೂ 15 ಪಂದ್ಯ ಗೆದ್ದ. 1942ರಲ್ಲಿ 26, 1943ರಲ್ಲಿ 10. ಪೊಲೀಸರ ಕಣ್ಣು ಸದಾ ಅವನ ಬೆನ್ನ ಮೇಲಿತ್ತು. ಬಿಳಿಯ ಮುಖ ಕಂಡರೆ ಬೇಹುಗಾರನೋ ಎಂದು ಸಂಶಯಪಡುವ ಕಾಲ ಅದು. 1944ರಲ್ಲಿ ಆರು ಪಂದ್ಯ ಗೆದ್ದು ಒಂದನ್ನೂ ಸೋಲದೆ ಇದ್ದವನು ಮೈದಾನದಿಂದಲೇ ದೂರವಾಗಬೇಕಾಯಿತು. ಪರದೇಶೀಯರನ್ನು ಒಟ್ಟುಗೂಡಿಸಿ ಇರಿಸಿದ್ದ ಕರುಯಿಜಾವಾ ಎಂಬ ಗುಡ್ಡಗಾಡಿನ ಊರಿಗೆ ಅವನನ್ನೂ ಕಳುಹಿಸಿದರು. ಅಲ್ಲಿ ಕೊರೆಯುವ ಚಳಿ, ಹೊಟ್ಟೆಗೆ ಸಾಲದ ಊಟ, ಮಾಡಲು ಕೆಲಸವಿಲ್ಲ. ಕುಡಿತದ ಚಟ ಅವನನ್ನು ಹಿಡಿದುಕೊಂಡದ್ದು ಈ ಕಷ್ಟದ ದಿನಗಳಲ್ಲೇ ಎನ್ನುತ್ತಾರೆ.

ಇತ್ತ ಸವಾಮುರಾ ಏನಾದ? ಅವನು ಜಪಾನಿನ ಪ್ರಜೆ, ದೇಶದ ಕಣ್ಮಣಿ. ಅದರಿಂದಲೇ ಅವನಿಗೆ ಸೈನ್ಯದ ಕರೆ ಬಂತು. ಒಂದಲ್ಲ, ಮೂರು ಬಾರಿ. ಚೆಂಡೆಸೆಯುವ ಕೈಯಿಂದ ಕೈಬಾಂಬುಗಳನ್ನೆಸೆದು ಅವನ ಭುಜ ಕೆಟ್ಟಿತು. 1944ರ ಡಿಸೆಂಬರ್ 2ರಂದು ಅವನಿದ್ದ ಸೈನಿಕರ ಹಡಗನ್ನು ಅಮೆರಿಕದ ಜಲಾಂತರ್ಗಾಮಿ ಮುಳುಗಿಸಿತು. ಆಗ ಅವನಿಗೆ 27 ವರ್ಷ. ಒಂದೇ ತಂಡದಲ್ಲಿ ಒಟ್ಟಿಗೆ ಬೆಳೆದ ಇಬ್ಬರಲ್ಲಿ ಪ್ರಜೆಯಾದವನನ್ನು ಯುದ್ಧ ನುಂಗಿತು. ಪ್ರಜೆಯಲ್ಲದವನು ಬಂದಿಯಾಗಿ ಬದುಕಿ ಉಳಿದ. ಯುದ್ಧವೆಂಬುದು ಯಾರನ್ನೂ ತನ್ನವರೆಂದು ಎಣಿಸುವುದಿಲ್ಲ ಎಂಬುದನ್ನು ತಿಳಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಯುದ್ಧಾನಂತರ

1945ರಲ್ಲಿ ಜಪಾನ್ ಶರಣಾಯಿತು. ಅಮೆರಿಕದ ಸೈನ್ಯ ದೇಶವನ್ನು ಆಕ್ರಮಿಸಿತು. ವಿಕ್ಟರ್ ಕೆಲಕಾಲ ಆ ಸೈನ್ಯದಲ್ಲಿ ದುಭಾಷಿಯಾಗಿ ಕೆಲಸ ಮಾಡಿದ. 1946ರಲ್ಲಿ ವೃತ್ತಿಪರ ಪಂದ್ಯಗಳು ಮತ್ತೆ ಆರಂಭವಾದವು. ವಿಕ್ಟರ್ ಹಳೆಯ ಜಯಂಟ್ಸ್ ತಂಡಕ್ಕೆ ಹೋಗಲಿಲ್ಲ. ಗುರು ಫುಜಿಮೊತೊ ಅವರು ಪೆಸಿಫಿಕ್ ಎಂಬ ಬೇರೊಂದು ತಂಡದಲ್ಲಿದ್ದರು. ಅವರಿದ್ದಲ್ಲಿಗೆ ಇವನೂ ಹೋದ. ಆ ವರ್ಷ ಅವನು ಗೆದ್ದದ್ದು ಒಂದೇ ಪಂದ್ಯ. ಆದರೆ ಅದು ಅವನ ಬಾಳಿನ 200ನೆಯ ಗೆಲುವು. ಜಪಾನಿನಲ್ಲಿ ಅಷ್ಟು ಗೆದ್ದವರು ಅದುವರೆಗೆ ಬೇರೆ ಯಾರೂ ಇರಲಿಲ್ಲ. ಈಗ ಅಂಕಪಟ್ಟಿಯಲ್ಲಿ ಸುದಾ ಹಿರೊಷಿ ಇರಲಿಲ್ಲ. ಸ್ಟಾರ್ಫಿನ್ ಎಂಬ ಹೆಸರು ತನ್ನ ಜಾಗಕ್ಕೆ ಮರಳಿ ಬಂದಿತ್ತು.

ವಯಸ್ಸು ಮೂವತ್ತು ದಾಟಿತ್ತು. ಹಸಿವು ಕುಡಿತಗಳಿಂದ ಮೈ ಮೊದಲಿನಂತಿರಲಿಲ್ಲ. ಹಳೆಯ ವೇಗ ತಗ್ಗಿತು. 1947ರಲ್ಲಿ ಎಂಟು ಗೆದ್ದು ಹದಿನೆಂಟು ಸೋತ. ಇಷ್ಟಕ್ಕೇ ಆಟ ನಿಲ್ಲಿಸಿದ್ದರೂ ಅವನ ಕೀರ್ತಿಗೆ ಕುಂದಿರಲಿಲ್ಲ. ಅವನು ನಿಲ್ಲಿಸಲಿಲ್ಲ. ವೇಗದ ಬದಲು ಜಾಣತನವನ್ನೂ ಗುರಿಯನ್ನೂ ನೆಚ್ಚಿಕೊಂಡ. ಫುಜಿಮೊತೊ ಅವರೊಡನೆ ಸ್ಟಾರ್ಸ್ ತಂಡಕ್ಕೆ ಹೋಗಿ, 1948ರಲ್ಲಿ 17 ಪಂದ್ಯಗಳನ್ನು ಗೆದ್ದ. 1949ರಲ್ಲಿ, ತನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ, 27 ಪಂದ್ಯಗಳನ್ನು ಗೆದ್ದು ಆ ವರ್ಷ ಎಲ್ಲರಿಗಿಂತ ಹೆಚ್ಚು ಗೆದ್ದ ಪಿಚರ್ ಎನಿಸಿದ. ನಮ್ಮ ದೃಷ್ಟಿಯಲ್ಲಿ ಆ ಇಪ್ಪತ್ತೇಳು ಗೆಲುವುಗಳು ಹಿಂದಿನ ನಲವತ್ತೆರಡಕ್ಕಿಂತ ಕಡಮೆಯವಲ್ಲ. ತಾರುಣ್ಯದ ಬಲದಿಂದ ಗೆಲ್ಲುವುದು ಒಂದು ಬಗೆ, ಬಿದ್ದ ಮೇಲೆ ಎದ್ದು ಗೆಲ್ಲುವುದು ಇನ್ನೊಂದು ಬಗೆ.

ಮುಂದಿನ ವರ್ಷಗಳು ನಿಧಾನವಾಗಿ ಇಳಿಯುವ ಮೆಟ್ಟಿಲುಗಳಂತಿದ್ದವು. 11, 6, 8, 11 ಹೀಗೆ ಗೆಲುವುಗಳು ಬಂದವು. 1954ರಲ್ಲಿ ಯೂನಿಯನ್ಸ್ ಎಂಬ ಹೊಸ ತಂಡಕ್ಕೆ ಸೇರಿದ. ಅದು ಬಲವಿಲ್ಲದ ತಂಡ. ಒಂದು ಗೆದ್ದರೆ ಎರಡು ಸೋಲು ಎಂಬ ಸ್ಥಿತಿ. ಮುನ್ನೂರನೆಯ ಗೆಲುವು ಕೈಗೆ ಸಿಗುವಷ್ಟು ಹತ್ತಿರ ಬಂದು, ಒಂದೊಂದು ಗೆಲುವಿಗೂ ವಾರಗಟ್ಟಲೆ ಕಾಯಬೇಕಾಯಿತು. ಕೊನೆಗೆ 1955ರಲ್ಲಿ, ತನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಆ ಗುರಿಯನ್ನು ಮುಟ್ಟಿದ. ಜಪಾನಿನ ವೃತ್ತಿಪರ ಆಟದಲ್ಲಿ 300 ಪಂದ್ಯ ಗೆದ್ದ ಮೊದಲಿಗನಾದ. ಆ ವರ್ಷವೇ ಆಟಕ್ಕೆ ಕೈಮುಗಿದ.

ಅವನ ಒಟ್ಟು ಲೆಕ್ಕ ಹೀಗಿದೆ: ಗೆದ್ದದ್ದು 303, ಸೋತದ್ದು 176. ಎದುರಾಳಿಗೆ ಒಂದು ಓಟವನ್ನೂ ಕೊಡದೆ ಒಬ್ಬನೇ ಎಸೆದು ಮುಗಿಸಿದ ಪಂದ್ಯಗಳು 83. ಗೆಲುವುಗಳ ಸಂಖ್ಯೆಯಲ್ಲಿ ಅನಂತರ ಬಂದ ಐವರು ಅವನನ್ನು ಮೀರಿದರು. ಮಸಾಯಿಚಿ ಕನೆದಾ ಎಂಬವರು 400ರ ತನಕ ಹೋದರು. ಆದರೆ ಈ 83ನ್ನು ಮಾತ್ರ ಇಂದಿನವರೆಗೆ ಯಾರೂ ಮುಟ್ಟಿಲ್ಲ. ಕನೆದಾ ಅವರೂ 82ಕ್ಕೆ ನಿಂತರು.

ಅಂತ್ಯ

ಆಟ ಬಿಟ್ಟು ಎರಡು ವರ್ಷ ತುಂಬುವ ಮೊದಲೇ ವಿಧಿ ಅವನನ್ನು ಕರೆಯಿತು. 1957ರ ಜನವರಿ 12ರಂದು ಟೋಕಿಯೋ ನಗರದ ಸೆತಗಾಯಾ ಎಂಬ ಭಾಗದಲ್ಲಿ ಅವನು ನಡೆಸುತ್ತಿದ್ದ ಕಾರು ಟ್ರಾಮ್ ಗಾಡಿಗೆ ಬಡಿದು, ಅವನು ಅಲ್ಲಿಯೇ ಪ್ರಾಣ ಬಿಟ್ಟ. ವಯಸ್ಸು ನಲವತ್ತು. ಹೆಂಡತಿ ಮತ್ತು ಪುಟ್ಟ ಮಕ್ಕಳನ್ನು ಬಿಟ್ಟುಹೋದ. ಅವನ ಮಗಳು ನತಾಷಾ ದೊಡ್ಡವಳಾದ ಮೇಲೆ ತಂದೆಯ ಬಾಳಿನ ಬಗ್ಗೆ ಪುಸ್ತಕ ಬರೆದಳು. ಸಾಯುವ ದಿನದವರೆಗೂ ಅವನು ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಳಿದ, ಲಕ್ಷಾಂತರ ಜನ ಚಪ್ಪಾಳೆ ತಟ್ಟಿದ ನಾಡು, ಅವನನ್ನು ತನ್ನವನೆಂದು ಕಾಗದದಲ್ಲಿ ಬರೆಯಲಿಲ್ಲ.

ಬರೆದದ್ದು ಅವನು ಹೋದ ಮೇಲೆ. ಜಪಾನಿನಲ್ಲಿ ಬೇಸ್‌ಬಾಲ್ ಮಹನೀಯರ ಹೆಸರುಗಳನ್ನು ಶಾಶ್ವತವಾಗಿ ಉಳಿಸುವ ಸಂಸ್ಥೆಯೊಂದು 1959ರಲ್ಲಿ ಆರಂಭವಾಯಿತು. 1960ರಲ್ಲಿ, ಆಟಗಾರರಿಗಾಗಿ ನಡೆಸಿದ ಮತದಾನದಿಂದ ಆ ಗೌರವಕ್ಕೆ ಆಯ್ಕೆಯಾದ ಮೊದಲ ಆಟಗಾರ ವಿಕ್ಟರ್ ಸ್ಟಾರ್ಫಿನ್. 1980ರ ದಶಕದಲ್ಲಿ ಅಸಾಹಿಕಾವಾ ಊರಿನವರು ತಮ್ಮ ದೊಡ್ಡ ಕ್ರೀಡಾಂಗಣಕ್ಕೆ ಅವನ ಹೆಸರನ್ನೇ ಇಟ್ಟರು. ಜಪಾನಿನಲ್ಲಿ ಒಬ್ಬ ವ್ಯಕ್ತಿಯ ಹೆಸರನ್ನು ಹೊತ್ತ ಮೊದಲ ಬೇಸ್‌ಬಾಲ್ ಮೈದಾನ ಅದು ಎನ್ನುತ್ತಾರೆ. ಅದರ ಮುಂದೆ ಅವನ ಕಂಚಿನ ಪ್ರತಿಮೆ ನಿಂತಿದೆ. ವಿದಾಯ ಹೇಳಲೂ ಬಿಡದೆ ಯಾವ ಊರಿನಿಂದ ಅವನನ್ನು ಎಬ್ಬಿಸಿ ಒಯ್ದರೋ, ಆ ಊರು ಅವನನ್ನು ಮರೆತಿರಲಿಲ್ಲ. ಅಲ್ಲಿ ಬರೆದಿರುವುದು ಸುದಾ ಹಿರೊಷಿ ಎಂದಲ್ಲ, ಸ್ಟಾರ್ಫಿನ್ ಎಂದು.

ವಿದ್ಯಾರ್ಥಿಗಳೇ, ಈ ಕತೆಯಿಂದ ನಾವು ಕಲಿಯಬೇಕಾದದ್ದು ಏನು? ಪರಿಶ್ರಮ, ತಾಳ್ಮೆ, ಗುರುಭಕ್ತಿ ಎಂದು ಹೇಳಬಹುದು, ಅದು ನಿಜವೂ ಹೌದು. ಜೊತೆಗೆ ಇನ್ನೂ ಒಂದು ಮಾತನ್ನು ಸೇರಿಸಬೇಕೆಂದು ನಮಗೆ ತೋರುತ್ತದೆ. ವಿಕ್ಟರನ ಕೈಬಲವನ್ನು ಬಳಸಿಕೊಳ್ಳಲು ಎಲ್ಲರಿಗೂ ಆತುರವಿತ್ತು. ಅವನಿಗೆ ಒಂದು ನೆಲೆಯನ್ನು ಕೊಡಲು, ಅವನ ಹೆಸರನ್ನು ಅವನಿಗೇ ಬಿಡಲು ಮಾತ್ರ ಯಾರಿಗೂ ಆತುರವಿರಲಿಲ್ಲ. ಬದುಕಿದ್ದಾಗ ಕೊಡಬೇಕಾದುದನ್ನು ಸತ್ತ ಮೇಲೆ ಪ್ರತಿಮೆಯಾಗಿ ಕೊಟ್ಟರು. ಪ್ರತಿಮೆ ಬೇಡವೆಂದಲ್ಲ. ಆದರೆ ಅದನ್ನು ನೋಡಲು ಅವನಿರಲಿಲ್ಲ.

ನಮ್ಮ ತರಗತಿಗಳಿಗೂ ಆಗಾಗ ದೂರದ ಊರಿನಿಂದ ಬಂದ ಮಕ್ಕಳು ಸೇರುತ್ತಾರೆ. ಅವರ ಮನೆಮಾತು ಬೇರೆ, ಹೆಸರು ನಮಗೆ ಹೊಸದು. ಕೊನೆಯ ಬೆಂಚಿನಲ್ಲಿ ಮಾತಿಲ್ಲದೆ ಕುಳಿತಿರುತ್ತಾರೆ. ಅಂಥ ಒಬ್ಬ ಹುಡುಗನೋ ಹುಡುಗಿಯೋ ಬಂದಾಗ, ನಾಲಗೆಗೆ ಸುಲಭವಾದ ಅಡ್ಡಹೆಸರನ್ನು ಹುಡುಕುವುದಕ್ಕೆ ಮೊದಲು, ಅವರ ನಿಜವಾದ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯೋಣ. ಆಟದ ಬಯಲಿಗೆ ಹೋಗುವಾಗ ಅವರನ್ನೂ ಆ ಹೆಸರಿನಿಂದಲೇ ಕರೆದುಕೊಂಡು ಹೋಗೋಣ.